ನೌಕರರ ಆರೋಗ್ಯ ವಿಮೆಯ ಕಂತು ಏರುತ್ತಿದೆಯೇ? ನವೀಕರಣಕ್ಕೆ ನಾಲ್ಕು ತಿಂಗಳ ಮೊದಲು ಮಾಡಬೇಕಾದ ಕೆಲಸಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರಲಿ, ತಾರಿಹಾಳದಲ್ಲಿರಲಿ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿರಲಿ, ಐವತ್ತು-ಅರವತ್ತು ಜನರಿಗೆ ಕೆಲಸ ಕೊಟ್ಟಿರುವ ಕಾರ್ಖಾನೆಯ ಮಾಲೀಕರ ಮೇಜಿಗೆ ವರ್ಷಕ್ಕೊಮ್ಮೆ ಗುಂಪು ಆರೋಗ್ಯ ವಿಮೆಯ ನವೀಕರಣದ ದರಪಟ್ಟಿ ಬರುತ್ತದೆ. ಕಳೆದ ವರ್ಷ ಆರು ಲಕ್ಷ ಇದ್ದ ಕಂತು ಈ ಸಲ ಒಂಬತ್ತು ಲಕ್ಷವಾಗಿರುತ್ತದೆ, ಪಾಲಿಸಿ ಮುಗಿಯಲು ನಾಲ್ಕು ದಿನ ಉಳಿದಿರುತ್ತದೆ. ಅಷ್ಟು ಹೊತ್ತಿಗೆ ಮಾಲೀಕರ ಮುಂದೆ ಹೆಚ್ಚಿನ ದಾರಿಗಳು ಉಳಿದಿರುವುದಿಲ್ಲ; ಒಂದೋ ಕೇಳಿದಷ್ಟು ಹಣ ತುಂಬುತ್ತಾರೆ, ಇಲ್ಲವೇ ಯಾವ ಸೌಲಭ್ಯ ಯಾರಿಗೆ ಬೇಕಾಗಿದೆ ಎಂದು ನೋಡದೆ ಕತ್ತರಿ ಹಾಕುತ್ತಾರೆ. ಈ ಭಾಗದ ಸಣ್ಣ ಮತ್ತು ಮಧ್ಯಮ ಘಟಕಗಳ ಪಗಾರ ಪಟ್ಟಿ, ವಿಮೆಯ ಕಡತಗಳನ್ನು ನೋಡಿಕೊಳ್ಳುತ್ತ ಬಂದ ನನಗೆ ಕಂಡಿರುವಂತೆ, ಹಣ ಎಲ್ಲಿ ಹೋಗುತ್ತಿದೆ ಎಂಬುದನ್ನು ತಿಳಿಯದೆ ಹಾಕಿದ ಕತ್ತರಿಯಿಂದ ಉಳಿತಾಯವಾಗುವುದು ಅಪರೂಪ. ಆದ್ದರಿಂದ ಕೆಳಗಿನ ಹೆಜ್ಜೆಗಳನ್ನು ಪಾಲಿಸಿ ಮುಗಿಯುವ ದಿನಕ್ಕೆ ನಾಲ್ಕು ತಿಂಗಳ ಮೊದಲೇ ಆರಂಭಿಸಬೇಕು.

ಮೊದಲ ಹೆಜ್ಜೆ: ಯಾರು ಯಾವ ರಕ್ಷಣೆಯಲ್ಲಿದ್ದಾರೆ ಎಂದು ಬರೆದುಕೊಳ್ಳಿ

ಪಗಾರ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಪ್ರತಿಯೊಬ್ಬ ನೌಕರನ ಹೆಸರಿನ ಮುಂದೆ ಆತನ ಮಾಸಿಕ ವೇತನ, ವಯಸ್ಸು, ಅವಲಂಬಿತರ ಸಂಖ್ಯೆ ಮತ್ತು ಈಗಿರುವ ರಕ್ಷಣೆ ಯಾವುದು ಎಂಬುದನ್ನು ಬರೆಯಿರಿ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ, ಅನ್ವಯಿಸುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವವರು ಇದರಲ್ಲಿ ಕಡ್ಡಾಯವಾಗಿ ಬರುತ್ತಾರೆ. ಅಂಗವಿಕಲ ನೌಕರರಿಗೆ ಈ ಮಿತಿ 25,000 ರೂಪಾಯಿ. 2019ರ ಜುಲೈನಿಂದ ಮಾಲೀಕರ ವಂತಿಗೆ ವೇತನದ ಶೇ. 3.25, ನೌಕರರದು ಶೇ. 0.75. ಹದಿನೆಂಟು ಸಾವಿರ ಪಗಾರದ ಒಬ್ಬ ಕಾರ್ಮಿಕನಿಗೆ ಮಾಲೀಕರು ತುಂಬುವುದು ತಿಂಗಳಿಗೆ 585 ರೂಪಾಯಿ, ವರ್ಷಕ್ಕೆ 7,020 ರೂಪಾಯಿ. ಕಾರ್ಮಿಕನ ಪಗಾರದಿಂದ ಹಿಡಿಯುವುದು ತಿಂಗಳಿಗೆ 135 ರೂಪಾಯಿ. ಇಷ್ಟು ಹಣಕ್ಕೆ ಆತನಿಗೂ ಹೆಂಡತಿ-ಮಕ್ಕಳಿಗೂ ಅವಲಂಬಿತ ತಂದೆ-ತಾಯಿಗೂ ವೈದ್ಯಕೀಯ ನೆರವು ಸಿಗುತ್ತದೆ, ಚಿಕಿತ್ಸೆಯ ವೆಚ್ಚಕ್ಕೆ ಮೇಲ್ಮಿತಿಯಿಲ್ಲ, ಜೊತೆಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ನಗದು ದೊರೆಯುತ್ತದೆ.

ಅನೇಕ ಘಟಕಗಳಲ್ಲಿ ಈ ಕಾರ್ಮಿಕರ ಹೆಸರು ಗುಂಪು ವಿಮೆಯಲ್ಲಿಯೂ ಇರುತ್ತದೆ, ಅವರ ತಂದೆ-ತಾಯಿಯ ಹೆಸರೂ ಇರುತ್ತದೆ. ಅಂದರೆ ಒಂದೇ ಕುಟುಂಬಕ್ಕೆ ಎರಡು ಕಡೆ ಹಣ ತುಂಬಲಾಗುತ್ತಿರುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ‘ಇಎಸ್‌ಐ ದವಾಖಾನೆಗೆ ಯಾರೂ ಹೋಗುವುದಿಲ್ಲ’ ಎಂಬ ಉತ್ತರ ಬರುತ್ತದೆ. ಹೋಗದಿರುವುದಕ್ಕೆ ಕಾರಣ ಹುಡುಕಿದರೆ ಬಹಳ ಸಲ ಕಾಗದಪತ್ರದ ಕೊರತೆಯೇ ಕಾಣುತ್ತದೆ: ಕುಟುಂಬದವರ ಹೆಸರು, ಭಾವಚಿತ್ರ, ಆಧಾರ್ ಸಂಖ್ಯೆ ಇಎಸ್‌ಐ ಪೋರ್ಟಲ್‌ನಲ್ಲಿ ಸೇರಿರುವುದಿಲ್ಲ, ಇಎಸ್‌ಐ ಗುರುತಿನ ಚೀಟಿಯಾದ ಇ-ಪೆಹಚಾನ್ ಕಾರ್ಡ್ ಮುದ್ರಿಸಿ ಕೊಟ್ಟಿರುವುದಿಲ್ಲ, ಔಷಧಾಲಯ ಕಾರ್ಮಿಕನ ಮನೆಯಿಂದ ದೂರದ್ದಾಗಿರುತ್ತದೆ. ಹುಬ್ಬಳ್ಳಿಯಲ್ಲಿ ಇಎಸ್‌ಐ ಆಸ್ಪತ್ರೆಯೂ ಉಪ ಪ್ರಾದೇಶಿಕ ಕಚೇರಿಯೂ ಇರುವುದರಿಂದ, ನಿಮ್ಮ ಪಗಾರ ಗುಮಾಸ್ತನಿಗೆ ಎರಡು ದಿನ ಬಿಡುವು ಕೊಟ್ಟರೆ ಈ ಕೆಲಸ ಮುಗಿಯುತ್ತದೆ. ಅದು ಮುಗಿದು ಕಾರ್ಮಿಕರು ಒಂದೆರಡು ಸಲ ಆ ಸೌಲಭ್ಯ ಬಳಸಿದ ಮೇಲೆಯೇ ಅವರನ್ನು ಗುಂಪು ವಿಮೆಯಿಂದ ಹೊರಗಿಡುವ ಮಾತು ತೆಗೆಯಿರಿ. ಅದಕ್ಕೆ ಮುಂಚೆ ತೆಗೆದರೆ ಅವರ ಪಾಲಿಗೆ ಅದು ಕಿತ್ತುಕೊಂಡಂತೆಯೇ.

ಪಗಾರ ಹೆಚ್ಚಿಸುವಾಗಲೂ ಈ 21,000ದ ಗೆರೆ ನೆನಪಿರಲಿ. ಇಎಸ್‌ಐನಲ್ಲಿ ವಂತಿಗೆಯ ಅವಧಿಗಳು ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ವೇತನ ಗೆರೆ ದಾಟಿದವನು ಆ ಅವಧಿ ಮುಗಿಯುವವರೆಗೂ ಇಎಸ್‌ಐನಲ್ಲಿಯೇ ಮುಂದುವರಿಯುತ್ತಾನೆ, ಮತ್ತು ಹೆಚ್ಚಿದ ಪೂರ್ತಿ ವೇತನದ ಮೇಲೆ ವಂತಿಗೆ ತುಂಬಬೇಕಾಗುತ್ತದೆ. ಆದ್ದರಿಂದ ಮೇ ತಿಂಗಳಲ್ಲಿ ಬಡ್ತಿ ಪಡೆದವನನ್ನು ಅದೇ ತಿಂಗಳು ಗುಂಪು ವಿಮೆಗೆ ಸೇರಿಸುವ ಅವಸರವಿಲ್ಲ. ಅಕ್ಟೋಬರ್ 1ಕ್ಕೆ ಸೇರಿಸಲು ಮಾತ್ರ ಮರೆಯಬಾರದು. ಇನ್ನೊಂದು ವಿಷಯ: 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ಭತ್ಯೆಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಮೂಲ ವೇತನ ಸಣ್ಣದಾಗಿಟ್ಟು ಭತ್ಯೆ ದೊಡ್ಡದಾಗಿಟ್ಟಿರುವ ಪಗಾರ ಪಟ್ಟಿಗಳನ್ನು ಹೊಸದಾಗಿ ಲೆಕ್ಕ ಹಾಕಿ ನೋಡದೆ ಈ ಹೆಜ್ಜೆ ಪೂರ್ಣವಾಗುವುದಿಲ್ಲ.

ಎರಡನೆಯ ಹೆಜ್ಜೆ: ಕ್ಲೇಮುಗಳ ವರದಿಯನ್ನು ತರಿಸಿ ಓದಿ

ಇಡೀ ಕೆಲಸದ ತಿರುಳು ಇಲ್ಲಿದೆ, ಮಾಲೀಕರು ವಿಮೆ ಮಾಡಿಸಿಕೊಡುವ ಬ್ರೋಕರ್‌ಗೆ ಬಿಟ್ಟುಬಿಡುವುದೂ ಇದನ್ನೇ. ವಿಮಾ ಕಂಪನಿಯಿಂದ ಅಥವಾ ಕ್ಲೇಮು ನಿರ್ವಹಿಸುವ ಟಿಪಿಎ ಸಂಸ್ಥೆಯಿಂದ ಪ್ರತಿ ಮೂರು ತಿಂಗಳಿಗೊಮ್ಮೆ ವರದಿ ಕೇಳಿ ಪಡೆಯಿರಿ. ಅದರಲ್ಲಿ ರೋಗಿಗಳ ಹೆಸರು ನಿಮಗೆ ಬೇಕಾಗಿಲ್ಲ, ಕೇಳಲೂ ಬಾರದು. ಯಾರಿಗೆ ಯಾವ ಕಾಯಿಲೆ ಎಂಬುದು ಮಾಲೀಕರಿಗೆ ತಿಳಿದರೆ ಮುಂದಿನ ಸಲ ನೌಕರರು ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಬೇಕಾದದ್ದು ನೌಕರ, ಸಂಗಾತಿ, ಮಕ್ಕಳು, ತಂದೆ-ತಾಯಿ ಎಂಬ ವಿಂಗಡಣೆ, ಕಾಯಿಲೆಯ ವರ್ಗ, ಊರು, ಬಿಲ್ಲಿನ ಮೊತ್ತ, ಮಂಜೂರಾದ ಮೊತ್ತ.

ಕಂತು ಹೇಗೆ ಏರುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ವಾರ್ಷಿಕ ಕಂತು 6 ಲಕ್ಷ. ಎಂಟು ತಿಂಗಳು ಕಳೆದಿವೆ, ಅಂದರೆ ಕಂಪನಿ ಗಳಿಸಿದ ಕಂತು 4 ಲಕ್ಷ. ಈವರೆಗೆ ಪಾವತಿಯಾದ ಕ್ಲೇಮು 3.9 ಲಕ್ಷ, ಬಾಕಿ ಇರುವುದು 60 ಸಾವಿರ, ಒಟ್ಟು 4.5 ಲಕ್ಷ. ಗಳಿಸಿದ ಕಂತಿಗೆ ಹೋಲಿಸಿದರೆ ಕ್ಲೇಮಿನ ಅನುಪಾತ ಶೇ. 112.5. ಕಂಪನಿಯವರು ಎಂಟು ತಿಂಗಳ ಕ್ಲೇಮನ್ನು ಹನ್ನೆರಡು ತಿಂಗಳಿಗೆ ವಿಸ್ತರಿಸುತ್ತಾರೆ: 6.75 ಲಕ್ಷ. ತಮ್ಮ ಖರ್ಚು, ಬ್ರೋಕರ್‌ನ ಪಾಲು, ಲಾಭಕ್ಕೆಂದು ಕಂತಿನ ಕಾಲು ಭಾಗ ಬೇಕೆಂದು ಹಿಡಿದರೆ ಅವರು ಕೇಳಬೇಕಾದ ಕಂತು 9 ಲಕ್ಷ.

ಈಗ ವರದಿಯನ್ನು ಬಿಡಿಸಿ ನೋಡಿ. ಆ 4.5 ಲಕ್ಷದಲ್ಲಿ 1.8 ಲಕ್ಷ ಒಂದೇ ಒಂದು ಹೃದಯ ಶಸ್ತ್ರಚಿಕಿತ್ಸೆಯದು ಎಂದಿಟ್ಟುಕೊಳ್ಳಿ. ಅಂಥದ್ದು ಎಂಟು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ ಎಂಬಂತೆ ಅದನ್ನೂ ಹನ್ನೆರಡು ತಿಂಗಳಿಗೆ ಹಿಗ್ಗಿಸುವುದು ನ್ಯಾಯವಲ್ಲ. ಉಳಿದ 2.7 ಲಕ್ಷವನ್ನು ಮಾತ್ರ ವಿಸ್ತರಿಸಿದರೆ 4.05 ಲಕ್ಷ, ಅದಕ್ಕೆ 1.8 ಲಕ್ಷವನ್ನು ಒಂದು ಸಲ ಕೂಡಿಸಿದರೆ 5.85 ಲಕ್ಷ, ಅದೇ ಕಾಲು ಭಾಗದ ಲೆಕ್ಕದಲ್ಲಿ ಕಂತು 7.8 ಲಕ್ಷಕ್ಕೆ ಇಳಿಯುತ್ತದೆ. ದೊಡ್ಡ ಕ್ಲೇಮನ್ನು ಮೂರು ವರ್ಷಕ್ಕೆ ಹಂಚಿ ನೋಡಿರೆಂದು ವಾದಿಸಿದರೆ 6.2 ಲಕ್ಷವಾಗುತ್ತದೆ. ಕಂಪನಿ ಕೊನೆಯ ಅಂಕಿಗೆ ಒಪ್ಪಲಿಕ್ಕಿಲ್ಲ, ಆದರೆ ಚೌಕಾಸಿ ಒಂಬತ್ತರಿಂದ ಶುರುವಾಗುವುದಕ್ಕೂ ಆರರಿಂದ ಶುರುವಾಗುವುದಕ್ಕೂ ಬಹಳ ಅಂತರವಿದೆ. ಮೂರು ವರ್ಷದ ವರದಿ ಕೈಯಲ್ಲಿದ್ದರೆ ಬೇರೆ ಎರಡು-ಮೂರು ಕಂಪನಿಗಳಿಂದಲೂ ದರ ತರಿಸಬಹುದು. ವರದಿಯಿಲ್ಲದೆ ಕೇಳಿದರೆ ಅವರು ಅಪಾಯ ಹೆಚ್ಚೆಂದು ಭಾವಿಸಿ ದರ ಏರಿಸಿಯೇ ಹೇಳುತ್ತಾರೆ. ಮೊದಲ ವರ್ಷ ತೀರ ಅಗ್ಗದ ದರ ಹೇಳುವ ಹೊಸ ಕಂಪನಿಯ ಬಗ್ಗೆಯೂ ಎಚ್ಚರ ಬೇಕು, ಏಕೆಂದರೆ ಅವರು ಬಿಟ್ಟುಕೊಟ್ಟದ್ದನ್ನು ಎರಡನೆಯ ವರ್ಷ ವಸೂಲು ಮಾಡುತ್ತಾರೆ.

ಮೂರನೆಯ ಹೆಜ್ಜೆ: ತಂದೆ-ತಾಯಿಯ ಪ್ರಶ್ನೆಯನ್ನು ಬೇರೆಯಾಗಿ ಬಿಡಿಸಿ

ಗುಂಪು ವಿಮೆಯಲ್ಲಿ ತಂದೆ-ತಾಯಿಗೆ ರಕ್ಷಣೆ ಕೊಟ್ಟಿರುವ ಘಟಕಗಳಲ್ಲಿ ಕ್ಲೇಮಿನ ದೊಡ್ಡ ಪಾಲು ಅವರದೇ ಆಗಿರುತ್ತದೆ; ಕಣ್ಣಿನ ಪೊರೆ, ಮೊಣಕಾಲು, ಹೃದಯ, ಡಯಾಲಿಸಿಸ್ ಎಲ್ಲವೂ ಆ ವಯಸ್ಸಿನವು. ನಮ್ಮ ಕಡೆ ಹೆತ್ತವರನ್ನು ಪಟ್ಟಿಯಿಂದ ತೆಗೆಯುವ ಮಾತು ಅಷ್ಟು ಸುಲಭವಾಗಿ ನಾಲಿಗೆಗೆ ಬರುವುದಿಲ್ಲ, ಬರಲೂಬಾರದು. ಹಾಗಾಗಿ ತೆಗೆದುಹಾಕುವುದಕ್ಕಿಂತ ಬೇರ್ಪಡಿಸುವುದು ಒಳ್ಳೆಯದು: ನೌಕರ, ಸಂಗಾತಿ, ಮಕ್ಕಳಿಗೆ ಮಾಲೀಕರ ಖರ್ಚಿನಲ್ಲಿ ಒಂದು ಪಾಲಿಸಿ, ತಂದೆ-ತಾಯಿಗೆ ಇನ್ನೊಂದು, ಅದರ ಕಂತಿನಲ್ಲಿ ಅರ್ಧ ಮಾಲೀಕರದು, ಅರ್ಧ ನೌಕರನದು, ಪ್ರತಿ ಕ್ಲೇಮಿನಲ್ಲಿ ಶೇ. 10 ಅಥವಾ 20 ಭಾಗವನ್ನು ಕುಟುಂಬ ಭರಿಸುವ ಷರತ್ತಿನೊಡನೆ. ಹೀಗೆ ಬೇರ್ಪಡಿಸಿದರೆ ತಂದೆ-ತಾಯಿಯ ಕ್ಲೇಮುಗಳಿಂದ ನೌಕರರ ಪಾಲಿಸಿಯ ದರ ಕೆಡುವುದಿಲ್ಲ.

ಇದರಲ್ಲಿ ಒಂದು ಅಪಾಯವಿದೆ. ಸೇರುವುದು ಐಚ್ಛಿಕವೆಂದು ಹೇಳಿದ ಕೂಡಲೆ, ಮನೆಯಲ್ಲಿ ಕಾಯಿಲೆಯವರಿರುವ ನೌಕರರು ಮಾತ್ರ ಸೇರುತ್ತಾರೆ, ಒಂದೆರಡು ವರ್ಷದಲ್ಲಿ ಕಂತು ಕೈಗೆಟುಕದಂತಾಗುತ್ತದೆ. ಆದ್ದರಿಂದ ಸೇರ್ಪಡೆ ವರ್ಷದ ಆರಂಭದಲ್ಲಿ ಒಮ್ಮೆ ಮಾತ್ರ, ಸೇರಿದವರು ನಡುವೆ ಬಿಡುವಂತಿಲ್ಲ, ಅರ್ಹರಲ್ಲಿ ಇಂತಿಷ್ಟು ಭಾಗ ಸೇರಿದರೆ ಮಾತ್ರ ಯೋಜನೆ ನಡೆಯುತ್ತದೆ ಎಂಬ ನಿಯಮಗಳನ್ನು ಮೊದಲೇ ಬರೆದಿಡಬೇಕು.

ಜೊತೆಗೆ, ಪ್ರತಿ ಕುಟುಂಬಕ್ಕೆ ಈಗಾಗಲೇ ಇರುವ ಸರ್ಕಾರಿ ರಕ್ಷಣೆಯನ್ನು ವಿಚಾರಿಸಿ. ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ಆ ಯೋಜನೆ ಚಿಕಿತ್ಸೆಗೆ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ನವಲಗುಂದ, ಶಿಗ್ಗಾವಿ, ರೋಣದ ಹಳ್ಳಿಗಳಿಂದ ಬಂದು ಕೆಲಸ ಮಾಡುವವರ ತಂದೆ ಅಲ್ಲಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘದ ಸದಸ್ಯರಾಗಿರುವುದು ಸಾಮಾನ್ಯ. ಅಂಥವರು ಯಶಸ್ವಿನಿ ಯೋಜನೆಗೆ ಸೇರಬಹುದು. ಆದರೆ ಅದರ ನೋಂದಣಿ ವರ್ಷದ ನಿಗದಿತ ದಿನಗಳಲ್ಲಿ ಮಾತ್ರ ತೆರೆದಿರುವುದರಿಂದ, ಆ ದಿನಗಳಲ್ಲಿ ನೌಕರನಿಗೆ ಅರ್ಧ ದಿನ ರಜೆ ಕೊಟ್ಟು ಊರಿಗೆ ಕಳಿಸುವುದು ಮಾಲೀಕರಿಗೆ ಬಹಳ ಅಗ್ಗದ ಖರ್ಚು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಂತೆ ಹಂಗಾಮಿಗೆ ಮಾತ್ರ ಕೆಲಸಕ್ಕೆ ಬರುವವರು ಗುಂಪು ವಿಮೆಯ ಪಟ್ಟಿಗೆ ಸೇರುವುದು ಕಷ್ಟ. ಅವರಲ್ಲಿ ಎಷ್ಟು ಜನರ ಕೈಯಲ್ಲಿ ಆರೋಗ್ಯ ಕಾರ್ಡ್ ಇದೆ ಎಂದು ನೋಡಿ, ಇಲ್ಲದವರಿಗೆ ಮಾಡಿಸಿಕೊಡುವುದೇ ಅಲ್ಲಿ ಮಾಲೀಕರು ಮಾಡಬಹುದಾದ ದೊಡ್ಡ ಕೆಲಸ.

ನಾಲ್ಕನೆಯ ಹೆಜ್ಜೆ: ಕತ್ತರಿ ಹಾಕುವುದಾದರೆ ಎಲ್ಲಿ ಎಂದು ಯೋಚಿಸಿ

ಕೊಠಡಿ ಬಾಡಿಗೆಯ ಮಿತಿಯನ್ನು ತಗ್ಗಿಸಿದರೆ ಕಂತು ಇಳಿಯುತ್ತದೆ ಎಂದು ಬ್ರೋಕರ್‌ಗಳು ಮೊದಲು ಸೂಚಿಸುತ್ತಾರೆ. ನಾನು ಲೆಕ್ಕ ನೋಡುತ್ತಿದ್ದ ಒಂದು ಘಟಕದಲ್ಲಿ ಹಾಗೆಯೇ ಮಾಡಿದೆವು, ದಿನಕ್ಕೆ 4,000 ಎಂದು ಮಿತಿ ಹಾಕಿದೆವು, ನೌಕರರಿಗೆ ಒಂದು ಸುತ್ತೋಲೆಯನ್ನೂ ಹೊರಡಿಸಲಿಲ್ಲ. ಒಬ್ಬ ಫಿಟ್ಟರ್ 6,000 ರೂಪಾಯಿಯ ಕೊಠಡಿಯಲ್ಲಿ ದಾಖಲಾದ. ಕೊಠಡಿಯ ವ್ಯತ್ಯಾಸ ಮಾತ್ರ ತಾನು ಕೊಟ್ಟರಾಯಿತೆಂದು ಆತ ತಿಳಿದಿದ್ದ. ಆದರೆ ಇಂಥ ಮಿತಿಯಿರುವ ಪಾಲಿಸಿಯಲ್ಲಿ ಶಸ್ತ್ರಚಿಕಿತ್ಸಕರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ, ಶುಶ್ರೂಷೆಯ ಶುಲ್ಕ ಎಲ್ಲವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ. ಔಷಧಿ, ಅಳವಡಿಸುವ ಸಾಧನಗಳು, ಪರೀಕ್ಷೆಗಳು, ತೀವ್ರ ನಿಗಾ ಘಟಕದ ಶುಲ್ಕಗಳಿಗೆ ಮಾತ್ರ ಈ ಕಡಿತವಿಲ್ಲ. ಕಡಿತಕ್ಕೆ ಒಳಪಡುವ ಬಿಲ್ಲು 1,20,000 ಇತ್ತು, ಮೂರರಲ್ಲಿ ಎರಡು ಭಾಗ, ಅಂದರೆ 80,000 ಮಂಜೂರಾಯಿತು. ‘ಸಾಹೇಬ್ರ, ವಿಮಾ ಐತಿ ಅಂದಿದ್ರಿ, ಈ ನಲವತ್ತು ಸಾವಿರ ಯಾರು ತುಂಬಬೇಕ್ರಿ?’ ಎಂದು ಆತ ಆಸ್ಪತ್ರೆಯ ಬಾಗಿಲಿನಿಂದ ಫೋನು ಮಾಡಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ವರ್ಷ ಕಂತಿನಲ್ಲಿ ಉಳಿದದ್ದಕ್ಕಿಂತ ಹೆಚ್ಚಿನದನ್ನು ಮಾಲೀಕರು ಮುಂಗಡ, ಸಹಾಯಧನವೆಂದು ಕೊಟ್ಟರು.

ಹಾಗಾಗಿ ನನ್ನ ಆಯ್ಕೆಯ ಕ್ರಮ ಬೇರೆ. ಕೊಠಡಿಯ ಮಿತಿಯನ್ನು ರೂಪಾಯಿಯಲ್ಲಿ ಹೇಳುವ ಬದಲು ‘ಇಬ್ಬರಿರುವ ಕೊಠಡಿ’ ಎಂದು ದರ್ಜೆಯಲ್ಲಿ ಬರೆಸಿ. ನೌಕರನಿಗೆ ನೆನಪಿನಲ್ಲಿ ಉಳಿಯುತ್ತದೆ. ಕಣ್ಣಿನ ಪೊರೆ, ಅಂಡವಾಯು, ಪಿತ್ತಕೋಶದ ಕಲ್ಲು ಮುಂತಾದ, ಮೊದಲೇ ಗೊತ್ತಾಗಿ ನಿಧಾನವಾಗಿ ಮಾಡಿಸಿಕೊಳ್ಳಬಹುದಾದ ಚಿಕಿತ್ಸೆಗಳಿಗೆ ನಮ್ಮ ಊರಿನ ದರವನ್ನು ವಿಚಾರಿಸಿ ಮಿತಿ ಹಾಕಿಸಿ. ಎಲ್ಲರಿಗೂ 5 ಲಕ್ಷದ ಮೂಲ ವಿಮೆ ಕೊಡುವ ಬದಲು 3 ಲಕ್ಷದ ಮೂಲ ವಿಮೆ, ಅದರ ಮೇಲೆ 3 ಲಕ್ಷ ದಾಟಿದ ನಂತರ ಹಣ ಕೊಡುವ ಸೂಪರ್ ಟಾಪ್-ಅಪ್ ತೆಗೆದುಕೊಂಡರೆ ಎಷ್ಟಾಗುತ್ತದೆ ಎಂದು ಕೇಳಿ. ದೊಡ್ಡ ಮೊತ್ತ ದಾಟುವ ಕ್ಲೇಮುಗಳು ವಿರಳವಾದ್ದರಿಂದ ಮೇಲಿನ ಪದರ ಅಗ್ಗವಾಗಿರುತ್ತದೆ. ಬರೀ ಟಾಪ್-ಅಪ್ ಬೇಡ. ಅದರಲ್ಲಿ ಪ್ರತಿ ಕ್ಲೇಮೂ ಬೇರೆಬೇರೆಯಾಗಿ 3 ಲಕ್ಷ ದಾಟಬೇಕು. ಸೂಪರ್ ಟಾಪ್-ಅಪ್‌ನಲ್ಲಿ ವರ್ಷದ ಬಿಲ್ಲುಗಳನ್ನು ಕೂಡಿಸಿ ನೋಡಲಾಗುತ್ತದೆ. ಹೊರರೋಗಿ ಚಿಕಿತ್ಸೆ, ಗುಳಿಗೆ, ಕನ್ನಡಕದಂಥ ಸಣ್ಣ ಖರ್ಚುಗಳನ್ನು ವಿಮೆಯ ಮೂಲಕ ಹಾಯಿಸಲೇಬೇಡಿ. ಆ ಹಣದ ಮೇಲೆ ಕಂಪನಿಯ ಖರ್ಚು, ತೆರಿಗೆ ಎರಡೂ ಸೇರಿ ನೂರು ರೂಪಾಯಿಯ ಔಷಧಕ್ಕೆ ನೀವು ನೂರಕ್ಕಿಂತ ಎಷ್ಟೋ ಹೆಚ್ಚು ತೆತ್ತಿರುತ್ತೀರಿ. ಹತ್ತಿರದ ವೈದ್ಯರೊಬ್ಬರು ವಾರಕ್ಕೆರಡು ಸಲ ಕಾರ್ಖಾನೆಗೆ ಬಂದು ಹೋಗುವ ವ್ಯವಸ್ಥೆ ಮಾಡಿಕೊಂಡರೆ ಸಾಕು.

ಐದನೆಯ ಹೆಜ್ಜೆ: ತೆರಿಗೆಯ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ. ಗುಂಪು ವಿಮೆಯ ಮೇಲೆ ಶೇ. 18 ಮುಂದುವರಿದಿದೆ. ಆರು ಲಕ್ಷದ ಕಂತಿಗೆ 1,08,000 ತೆರಿಗೆ, ಮತ್ತು ಕಾನೂನಿನ ಪ್ರಕಾರ ಕಡ್ಡಾಯವಾಗಿ ಕೊಡಬೇಕಾದ ವಿಮೆಯಲ್ಲದಿದ್ದರೆ ಅದರ ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್), ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಇದನ್ನು ಕಂಡು ‘ಗುಂಪು ವಿಮೆಯೇ ಬೇಡ, ಎಲ್ಲರೂ ಸ್ವಂತ ಪಾಲಿಸಿ ಮಾಡಿಸಲಿ, ಕಂತು ನಾವು ಕೊಡುತ್ತೇವೆ’ ಎಂದು ಕೆಲವರು ಯೋಚಿಸುತ್ತಿದ್ದಾರೆ. ವಯಸ್ಸಿನಲ್ಲಿ ಚಿಕ್ಕವರು, ಆರೋಗ್ಯವಂತರು ಇರುವ ಐದಾರು ಜನರ ಕಚೇರಿಗೆ ಇದು ಸರಿಹೋಗಬಹುದು. ಮಧುಮೇಹ, ರಕ್ತದೊತ್ತಡ ಇರುವ ನಲವತ್ತೈದರ ನೌಕರನಿಗೆ ಮಾತ್ರ ಇದು ಪೆಟ್ಟು, ಏಕೆಂದರೆ ವೈಯಕ್ತಿಕ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು, ಅರ್ಜಿಯೇ ತಿರಸ್ಕೃತವಾಗಲೂಬಹುದು. ಗುಂಪು ವಿಮೆಯಲ್ಲಾದರೆ ಮೊದಲ ದಿನದಿಂದಲೇ ರಕ್ಷಣೆ ಬರೆಸಿಕೊಳ್ಳಲು ಸಾಧ್ಯ. ಮಾಲೀಕರು ತುಂಬುವ ಕಂತು ವ್ಯವಹಾರದ ಖರ್ಚಾಗಿ ಆದಾಯ ತೆರಿಗೆಯಲ್ಲಿ ಕಳೆಯುತ್ತದೆ, ನೌಕರನ ಆದಾಯಕ್ಕೆ ಸೇರುವುದಿಲ್ಲ. ನಗದಿನಲ್ಲಿ ಮಾತ್ರ ತುಂಬಬಾರದು.

ಆರನೆಯ ಹೆಜ್ಜೆ: ಕಾಯಿಲೆಯೇ ಕಡಿಮೆಯಾಗುವಂತೆ

ಹುಬ್ಬಳ್ಳಿ-ಧಾರವಾಡದ ಅನೇಕ ಬಡಾವಣೆಗಳಲ್ಲಿ ನಲ್ಲಿ ನೀರು ಕೆಲವು ದಿನಗಳಿಗೊಮ್ಮೆ ಬರುತ್ತದೆ, ಜನ ಬ್ಯಾರೆಲ್, ಸಿಂಟೆಕ್ಸ್ ತುಂಬಿಡುತ್ತಾರೆ, ಮುಚ್ಚದ ಆ ನೀರಿನಲ್ಲಿಯೇ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಮಳೆಗಾಲದ ಕ್ಲೇಮಿನ ವರದಿಯಲ್ಲಿ ಜ್ವರದ ದಾಖಲಾತಿಗಳು ಗುಂಪಾಗಿ ಕಾಣಿಸಿದರೆ ಆಶ್ಚರ್ಯವಿಲ್ಲ. ಜೂನ್‌ಗೆ ಮೊದಲು ಕಾರ್ಖಾನೆಯ ಟ್ಯಾಂಕು, ಹಳೆಯ ಟೈರು, ಸ್ಕ್ರ್ಯಾಪ್ ರಾಶಿಯಲ್ಲಿ ನೀರು ನಿಲ್ಲದಂತೆ ನೋಡಿ, ನೌಕರರ ಮನೆಗೆ ಬ್ಯಾರೆಲ್‌ಗೆ ಕಟ್ಟುವ ಬಲೆ-ಬಟ್ಟೆ ಕೊಡಿ. ಗದಗ, ರಾಣೇಬೆನ್ನೂರು ಕಡೆಯ ಹತ್ತಿ ಜಿನ್ನಿಂಗ್ ಗಿರಣಿಗಳಲ್ಲಿ ಹತ್ತಿಯ ಧೂಳು, ಹುಬ್ಬಳ್ಳಿಯ ಫೌಂಡ್ರಿಗಳಲ್ಲಿ ಮರಳಿನ ಧೂಳು ಶ್ವಾಸಕೋಶವನ್ನು ನಿಧಾನವಾಗಿ ಕೆಡಿಸುತ್ತವೆ. ಅಲ್ಲಿ ಧೂಳು ಹೀರುವ ಯಂತ್ರ ಮತ್ತು ಸರಿಯಾದ ಮುಖಗವಸಿಗೆ ಹಾಕಿದ ಹಣವನ್ನು ಆರೋಗ್ಯ ವೆಚ್ಚದ ಲೆಕ್ಕದಲ್ಲಿಯೇ ಬರೆಯಬೇಕು. ನಲವತ್ತು ದಾಟಿದವರಿಗೆ ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಐವತ್ತು ಪರೀಕ್ಷೆಗಳ ದೊಡ್ಡ ಪ್ಯಾಕೇಜಿಗೆ ಹಣ ಹಾಕಿ, ಸಕ್ಕರೆ ಹೆಚ್ಚಿದ್ದವರನ್ನು ಮತ್ತೆ ವಿಚಾರಿಸದೆ ಬಿಡುವುದಕ್ಕಿಂತ, ಮೂರೇ ಪರೀಕ್ಷೆ ಮಾಡಿಸಿ ವರ್ಷವಿಡೀ ಗುಳಿಗೆ ತಪ್ಪದಂತೆ ವೈದ್ಯರ ಮೂಲಕ ನೋಡಿಕೊಳ್ಳುವುದು ಮೇಲು.

ಏಳನೆಯ ಹೆಜ್ಜೆ: ತಿಂಗಳು ತಿಂಗಳ ಕೆಲಸ

ಕೆಲಸ ಬಿಟ್ಟವರ, ಹೊಸದಾಗಿ ಸೇರಿದವರ, ಮದುವೆಯಾದವರ, ಹೆರಿಗೆಯಾದವರ ಪಟ್ಟಿ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ವಿಮಾ ಕಂಪನಿಗೆ ಹೋಗಬೇಕು. ಬಿಟ್ಟುಹೋದವನ ಹೆಸರು ತೆಗೆಸಿದರೆ, ಆತನ ಕ್ಲೇಮು ಇಲ್ಲದಿದ್ದಲ್ಲಿ, ಉಳಿದ ಅವಧಿಯ ಕಂತು ಸಾಮಾನ್ಯವಾಗಿ ಮರಳುತ್ತದೆ. ವರ್ಷದ ಕೊನೆಗೆ ನೆನಪಾದರೆ ಮರಳುವುದಕ್ಕೆ ಏನೂ ಉಳಿದಿರುವುದಿಲ್ಲ. ಹೊಸಬರ ಕಂತು ಕಡಿತವಾಗುವ, ವಿಮಾ ಕಂಪನಿಯಲ್ಲಿರುವ ನಿಮ್ಮ ಠೇವಣಿ ಖಾತೆಯಲ್ಲಿ ಹಣ ಇಲ್ಲದಿದ್ದರೆ ಸೇರ್ಪಡೆ ತಡೆಯುತ್ತದೆ, ಆ ಖಾತೆಯಲ್ಲಿ ಉಳಿದಿರುವ ಹಣವನ್ನೂ ಅದೇ ದಿನ ನೋಡಿ. ಪಾಲಿಸಿ ಮಾರ್ಚ್ 31ಕ್ಕೆ ಮುಗಿಯುತ್ತಿದ್ದರೆ, ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ನವೀಕರಣ ಕೆಡುವುದು ಖಚಿತ; ಒಂದು ಸಲ ಅಲ್ಪಾವಧಿಯ ವಿಸ್ತರಣೆ ಪಡೆದು ದಿನಾಂಕವನ್ನು ಆಗಸ್ಟ್‌ಗೆ ಸರಿಸಿಕೊಳ್ಳಿ.

ಇಷ್ಟಾದ ಮೇಲೆ ಗೇಟಿನ ಹತ್ತಿರ, ಹಾಜರಿ ಹಾಕುವ ಯಂತ್ರದ ಪಕ್ಕದಲ್ಲಿ, ಕನ್ನಡದಲ್ಲಿ ಒಂದೇ ಹಾಳೆಯನ್ನು ಅಂಟಿಸಿ: ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯಲ್ಲಿ ನಗದುರಹಿತ ಚಿಕಿತ್ಸೆ ಸಿಗುವ ಆಸ್ಪತ್ರೆಗಳು ಯಾವುವು, ಯಾವ ದರ್ಜೆಯ ಕೊಠಡಿ ಕೇಳಬೇಕು, ಇಎಸ್‌ಐನವರು ಮೊದಲು ಎಲ್ಲಿಗೆ ಹೋಗಬೇಕು, ಬಿಡುಗಡೆಯ ಅನುಮೋದನೆ ಮೂರು ಗಂಟೆಯೊಳಗೆ ಬರಬೇಕೆಂಬ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ ತಪ್ಪಿದರೆ ಟಿಪಿಎಯ ಯಾರಿಗೆ ಫೋನು ಮಾಡಬೇಕು, ಮತ್ತು ರಾತ್ರಿ ಪಾಳಿಯಲ್ಲಿ ಅವರು ಎತ್ತದಿದ್ದರೆ ಕಾರ್ಖಾನೆಯಲ್ಲಿ ಯಾರನ್ನು ಎಬ್ಬಿಸಬೇಕು.